ಬಡ್ತಿ ಬಂದಿದೆ, ಮನಸ್ಸು ಪಾಠ ಮಾಡುವ ಕಡೆಗಿದೆ: ಏನು ಮಾಡಲಿ?

ಪ್ರಶ್ನೆ: ಬೆಂಗಳೂರಿನಲ್ಲಿ ಎಂಟು ವರ್ಷಗಳಿಂದ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಈಗ ಟೀಮ್ ಲೀಡ್ ಹುದ್ದೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಕಾಲೇಜಿನಲ್ಲಿ ಪಾಠ ಮಾಡಬೇಕೆಂಬ ಆಸೆ ಬಹಳ ಹಳೆಯದು. ಮನೆಯಲ್ಲಿ ನೋಡಿದರೆ ಸರ್ಕಾರಿ ನೌಕರಿಗೆ ಪ್ರಯತ್ನಿಸು ಎನ್ನುತ್ತಾರೆ. ನನಗೆ ನಿಜವಾಗಿ ಏನು ಮುಖ್ಯ ಎಂದು ತಿಳಿಯುವುದು ಹೇಗೆ?

ಉತ್ತರ: ಹುದ್ದೆ, ಊರು ಬದಲಾಗಿ ಇದೇ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಇದಕ್ಕೆ ‘ನಿಮ್ಮ ಮೌಲ್ಯಗಳನ್ನು ಪಟ್ಟಿ ಮಾಡಿ’ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಪೆನ್ನು ಕೊಟ್ಟರೆ ಎಲ್ಲರೂ ಪ್ರಾಮಾಣಿಕತೆ, ಕುಟುಂಬ, ಸಮಾಜಸೇವೆ ಎಂದೇ ಬರೆಯುತ್ತಾರೆ. ಅದರ ಬದಲು ಈ ಎಂಟು ವರ್ಷಗಳಲ್ಲಿ ನೀವು ಯಾವುದನ್ನು ಬಿಟ್ಟುಕೊಡಲು ಒಪ್ಪಲಿಲ್ಲ ಎಂದು ಹುಡುಕಿ ನೋಡಿ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಎಡ್ಗರ್ ಶೈನ್ 1960ರ ದಶಕದ ಆರಂಭದಲ್ಲಿ 44 ಮ್ಯಾನೇಜ್‌ಮೆಂಟ್ ಪದವೀಧರರ ವೃತ್ತಿಜೀವನದ ಬೆನ್ನು ಹತ್ತಿದರು. ಕಂಪನಿಗಳು ನೌಕರರನ್ನು ತಮ್ಮ ಅಚ್ಚಿಗೆ ಹೇಗೆ ಹೊಂದಿಸಿಕೊಳ್ಳುತ್ತವೆ ಎಂದು ನೋಡುವುದು ಅವರ ಉದ್ದೇಶ. ಹತ್ತು–ಹನ್ನೆರಡು ವರ್ಷಗಳ ನಂತರ ಮತ್ತೆ ಮಾತನಾಡಿಸಿದಾಗ ಕಂಡದ್ದೇ ಬೇರೆ: ತಮಗೆ ಒಗ್ಗದ ಕೆಲಸಕ್ಕೆ ಹೋದವರನ್ನು ಒಳಗಿನದೇನೋ ಹಿಂದಕ್ಕೆ ಎಳೆದು ತಂದಿತ್ತು. ಶೈನ್ ಅದನ್ನು ವೃತ್ತಿಯ ಲಂಗರು ಎಂದರು. ಒಬ್ಬರಿಗೆ ಅದು ಕಸುಬಿನ ಪರಿಣತಿ, ಇನ್ನೊಬ್ಬರಿಗೆ ಹತ್ತು ಜನರನ್ನು ನಡೆಸುವ ಅಧಿಕಾರ, ಮತ್ತೊಬ್ಬರಿಗೆ ಸ್ವಾತಂತ್ರ್ಯ ಅಥವಾ ಭದ್ರತೆ. ಹೀಗೆ ಅವರ ಪಟ್ಟಿ ಕೊನೆಗೆ ಎಂಟಕ್ಕೆ ನಿಂತಿತು. ಕೆಲವು ವರ್ಷ ದುಡಿದ ಮೇಲಷ್ಟೇ ಈ ಲಂಗರು ಸ್ಪಷ್ಟವಾಗುತ್ತದೆ ಎಂದೂ ಅವರು ಹೇಳಿದರು. ಪಿಯುಸಿ ಮುಗಿಸಿದ ಹುಡುಗನನ್ನು ಕೂರಿಸಿಕೊಂಡು ‘ನಿನ್ನ ಗುರಿ ಏನು’ ಎಂದು ಪೀಡಿಸುವ ನೆಂಟರಿಗೆ ಇದನ್ನು ಯಾರಾದರೂ ತಿಳಿಸಬೇಕು.

ನಿಮ್ಮ ಬಡ್ತಿಯ ವಿಷಯಕ್ಕೆ ಬರೋಣ. ಚೆನ್ನಾಗಿ ಕೋಡ್ ಬರೆಯುವವರನ್ನೇ ಆರಿಸಿ ಕೋಡ್ ಬರೆಯದ ಕುರ್ಚಿಯಲ್ಲಿ ಕೂರಿಸುವುದು ನಮ್ಮ ಐಟಿ ಕಂಪನಿಗಳಲ್ಲಿ ಹಳೆಯ ರೂಢಿ. ಅಲ್ಲಿಂದ ಮುಂದೆ ರಜೆ ಮಂಜೂರು ಮಾಡುವುದು, ಅಪ್ರೈಸಲ್‌ನಲ್ಲಿ ಇಬ್ಬರು ಒಳ್ಳೆಯ ಕೆಲಸಗಾರರ ಪೈಕಿ ಒಬ್ಬರಿಗೆ ಕಡಿಮೆ ಅಂಕ ಹಾಕುವುದು, ಗ್ರಾಹಕರ ಸಿಟ್ಟನ್ನು ತಾವು ನುಂಗಿ ತಂಡಕ್ಕೆ ಸೌಮ್ಯವಾಗಿ ದಾಟಿಸುವುದು, ಇವೇ ದಿನಚರಿ. ಇದರಲ್ಲಿ ಅರಳುವವರೂ ಇದ್ದಾರೆ. ನೀವು ಅವರಲ್ಲಿ ಒಬ್ಬರೇ ಎಂದು ತಿಳಿಯಲು ಕಳೆದ ವರ್ಷ ಕಚೇರಿಯಲ್ಲಿ ನಿಮಗೆ ಮೈ ಉರಿದ ಒಂದು ದಿನವನ್ನು ನೆನಪಿಸಿಕೊಳ್ಳಿ. ಸರಿಯಾಗಿ ಪರೀಕ್ಷಿಸದೆ ಅವಸರದಲ್ಲಿ ಗ್ರಾಹಕರಿಗೆ ಕಳುಹಿಸಿದರು ಎಂದು ಸಿಟ್ಟು ಬಂದಿದ್ದರೆ ನಿಮ್ಮ ಜೀವ ಕಸುಬಿನಲ್ಲಿದೆ. ನನ್ನನ್ನು ಕೇಳದೆ ತೀರ್ಮಾನಿಸಿದರು ಎಂದಾದರೆ ನಿಮಗೆ ಬೇಕಾದದ್ದು ಅಧಿಕಾರ ಅಥವಾ ಸ್ವಾತಂತ್ರ್ಯ. ಹೊಸಬನೊಬ್ಬನಿಗೆ ಹೇಳಿಕೊಡುತ್ತಿದ್ದಾಗ ಮೀಟಿಂಗ್‌ಗೆ ಎಬ್ಬಿಸಿದರು ಎಂದು ಕೆರಳಿದ್ದರೆ, ಪಾಠ ಮಾಡುವ ಆಸೆಯನ್ನು ಹಗುರವಾಗಿ ಕಾಣಬೇಡಿ.

ಸಂತೋಷವಾದ ದಿನವನ್ನೂ ಹೀಗೆಯೇ ಹುಡುಕಿ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡ್ರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರ್‌ಗಳು ಮತ್ತು ಲೆಕ್ಕಿಗರನ್ನು ಕೇಳಿದ್ದು ಈ ಎರಡು ದಿನಗಳ ಬಗ್ಗೆಯೇ. 1959ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಬೇಸರಕ್ಕೆ ಮೇಲಧಿಕಾರಿ, ನಿಯಮಗಳಂಥ ಹೊರಗಿನ ಸಂಗತಿಗಳು ಕಾರಣ. ಸಂತೋಷ ಬಂದದ್ದು ಕೆಲಸದಿಂದ, ಅದರಲ್ಲಿನ ಸಾಧನೆಯಿಂದ. ಯಶಸ್ಸನ್ನು ತನಗೆ, ಸೋಲನ್ನು ಮೇಲಿನವರಿಗೆ ಕಟ್ಟುವುದು ಮನುಷ್ಯ ಸ್ವಭಾವ ಎಂಬ ಆಕ್ಷೇಪ ಆಗಲೇ ಬಂದಿತ್ತು, ಅದು ಸರಿಯೂ ಹೌದು. ಆದರೂ ನಿಮಗೆ ಇದರಿಂದ ಒಂದು ಉಪಯೋಗವಿದೆ. ನೀವು ಓಡಿಹೋಗಲು ನೋಡುತ್ತಿರುವುದು ಕೆಲಸದಿಂದಲೋ, ಒಬ್ಬ ಮ್ಯಾನೇಜರ್‌ನಿಂದಲೋ? ಎರಡನೆಯದಾದರೆ ಕಂಪನಿ ಬದಲಿಸಿದರೆ ಸಾಕು.

ಸರ್ಕಾರಿ ನೌಕರಿಯ ಮಾತು ಚಿಕ್ಕದು. ಭದ್ರತೆಯೂ ಒಂದು ಮೌಲ್ಯವೇ, ಅದನ್ನು ಬಯಸಲು ನಾಚಬೇಕಿಲ್ಲ. ಆದರೆ ಇದು ನಿಮ್ಮ ಬಯಕೆಯೋ ತಂದೆಯವರದೋ ಎಂದು ಬಿಡಿಸಿ ನೋಡಿ. ಹಿರಿಯರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಹಳೆಯ ಪಿಂಚಣಿಯ ನೌಕರಿ. 2006ರ ಏಪ್ರಿಲ್ 1 ಮತ್ತು ಅನಂತರ ಸೇರಿದವರನ್ನು ರಾಜ್ಯ ಸರ್ಕಾರ ಎನ್‌ಪಿಎಸ್ ವ್ಯಾಪ್ತಿಗೆ, ಅಂದರೆ ಸಂಬಳದಿಂದ ಹಣ ಕಡಿತವಾಗುವ, ಪಿಂಚಣಿಯ ಮೊತ್ತ ಮೊದಲೇ ಖಚಿತವಿಲ್ಲದ ಯೋಜನೆಗೆ ತಂದಿತು.

ಇನ್ನು ಪಾಠ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬಿ.ಇ. ಸಾಲದು, ಎಂ.ಟೆಕ್ ಬೇಕು. ಅದಕ್ಕೆ ಎರಡು ವರ್ಷ ಕೊಡುವ ಮೊದಲು ಹತ್ತಿರದ ಕಾಲೇಜೊಂದರಲ್ಲಿ ಶನಿವಾರದ ಕೆಲವು ತರಗತಿಗಳನ್ನು ಕೇಳಿ ಪಡೆಯಿರಿ. ಹಾಗೆಯೇ ಅಲ್ಲಿನ ಅಧ್ಯಾಪಕರೊಬ್ಬರ ಒಂದು ವಾರ ಹೇಗೆ ಕಳೆಯುತ್ತದೆ ಎಂದು ವಿಚಾರಿಸಿ: ಹಾಜರಿ, ಆಂತರಿಕ ಪರೀಕ್ಷೆಯ ಅಂಕಗಳು, ಉತ್ತರಪತ್ರಿಕೆಗಳ ರಾಶಿ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ವರ್ಷವಾದರೆ ಮೊಣಕಾಲೆತ್ತರ ಕಡತ. ಇಷ್ಟನ್ನೂ ಕೇಳಿದ ಮೇಲೂ ಮುಂದಿನ ಶನಿವಾರದ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳಲು ಕೂತಿರಾದರೆ, ಎಂ.ಟೆಕ್ ಅರ್ಜಿ ತುಂಬಬಹುದು.