ಸೀಲಿಂಗ್ ಕಲೆಗೆ ಪೇಂಟ್ ಬಳಿಯುವ ಮೊದಲು

ಸೀಲಿಂಗ್‌ನಲ್ಲಿ ಕಂದು ಕಲೆ ಕಂಡ ಕೂಡಲೇ ಹೆಚ್ಚಿನವರು ಪೇಂಟರ್‌ಗೆ ಫೋನ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ನೀರು ಎಲ್ಲಿಂದ ಬಂತು ಅಂತ ತಿಳಿಯದೆ ಬಳಿದ ಪೇಂಟ್ ಮುಂದಿನ ಮಳೆಗಾಲಕ್ಕೆ ಮತ್ತೆ ಗುಳ್ಳೆ ಏಳುತ್ತದೆ.

ಮೊದಲು ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ಜೋರು ಮಳೆಯಾದ ಒಂದೆರಡು ದಿನಗಳಲ್ಲಿ ಕಲೆ ಗೆರೆ ದಾಟಿದರೆ ತಾರಸಿಯ ಮೇಲೆ ಅನುಮಾನ ಪಡಿ. ಮಳೆ ನಿಂತು ತಿಂಗಳುಗಳಾದ ಮೇಲೂ, ಜನವರಿಯಲ್ಲೂ ಒದ್ದೆ ಆರದಿದ್ದರೆ ಮೇಲಿನ ಬಾತ್‌ರೂಮ್, ಪೈಪ್ ನೋಡಬೇಕು. ರಾತ್ರಿ ಪಂಪ್ ನಿಲ್ಲಿಸಿ, ನಲ್ಲಿಗಳನ್ನೆಲ್ಲ ಮುಚ್ಚಿ, ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿಡಿ. ಬೆಳಿಗ್ಗೆ ಇಳಿದಿದ್ದರೆ ಪೈಪ್ ಸೋರುತ್ತಿರಬಹುದು. ಇಳಿಯದಿದ್ದರೂ ಪೂರ್ತಿ ನಿರಾಳ ಆಗಬೇಡಿ, ಕೊಳೆನೀರಿನ ಪೈಪ್ ಸೋರಿದ್ದು ಟ್ಯಾಂಕಿನಲ್ಲಿ ಗೊತ್ತಾಗುವುದಿಲ್ಲ ಅಲ್ವಾ.

ಕಲೆಯ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ. ಸ್ಲ್ಯಾಬ್‌ನೊಳಗಿನ ವಯರಿಂಗ್ ಪೈಪ್ ಹಿಡಿದು ನೀರು ದೂರ ಹರಿದು ಫ್ಯಾನಿನ ಹತ್ತಿರ ತೊಟ್ಟಿಕ್ಕುವುದುಂಟು. ಆಗ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಉಳಿದದ್ದೆಲ್ಲ ಆಮೇಲೆ.

ತಾರಸಿ ಹತ್ತಿದರೆ ನಾನು ಮೊದಲು ನೋಡುವುದು ಪ್ಯಾರಪೆಟ್ ಗೋಡೆ ಸ್ಲ್ಯಾಬಿಗೆ ಸೇರುವ ಮೂಲೆ. ಬಿಸಿಲಿಗೆ ಹಿಗ್ಗಿ ಕುಗ್ಗಿ ಅಲ್ಲಿ ಕೂದಲಿನಷ್ಟು ಸಪೂರ ಬಿರುಕು ಬಿಟ್ಟಿರುತ್ತದೆ. ಮಳೆನೀರಿನ ಪೈಪ್ ಬಾಯಿಗೆ ಮಾವಿನೆಲೆ, ಹಲಸಿನೆಲೆ ಕಟ್ಟಿ ನೀರು ನಿಂತರೆ ಆ ಬಿರುಕೇ ಅದಕ್ಕೆ ದಾರಿ. ಮೂಲೆಗೆ ಗಾರೆಯಲ್ಲಿ ದುಂಡಗೆ ಇಳಿಜಾರು ಕೊಟ್ಟು, ಗೋಡೆಗೂ ಒಂದಡಿ ಎತ್ತರಕ್ಕೆ ವಾಟರ್‌ಪ್ರೂಫಿಂಗ್ ಹತ್ತಿಸಬೇಕು. ಸುಮ್ನೆ ನೆಲಕ್ಕಷ್ಟೇ ಬಳಿದು ಹೋಗುವವರೇ ಜಾಸ್ತಿ. ಇದನ್ನು ಪಕ್ಕದಲ್ಲಿ ನಿಂತು ಮಾಡಿಸಿ.

ಇದು ಸ್ಲ್ಯಾಬ್ ಚೆನ್ನಾಗಿ ಒಣಗಿರುವ ಏಪ್ರಿಲ್, ಮೇ ಕೆಲಸ. ಪತ್ತನಾಜೆಗೆ, ಅಂದರೆ ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲು ಎನ್ನುವ ಮೇ ಕೊನೆಯ ಭಾಗದ ಆ ದಿನಕ್ಕೆ, ಮೊದಲು ಮುಗಿಯಲಿ. ಬಳಿದದ್ದು ಪೂರ್ತಿ ಗಟ್ಟಿಯಾದ ಮೇಲೆ ಪೈಪ್ ಬಾಯಿ ಮುಚ್ಚಿ ಒಂದೆರಡು ಇಂಚು ನೀರು ಕಟ್ಟಿ 48 ಗಂಟೆ ಬಿಡಿ. ಕೆಳಗೆ ಒದ್ದೆ ಕಾಣದಿದ್ದರೆ ಮಾತ್ರ ಬಾಕಿ ಹಣ ಕೊಡಿ.

ತಾರಸಿಗೆ ಶೀಟ್ ಹಾಕಿಸುವುದು ಒಳ್ಳೆಯದೇ. ಆದರೆ ಗಾಳಿಮಳೆಯ ಎರಚಲು ಪಕ್ಕದಿಂದ ಬರುತ್ತದೆ, ಶೀಟ್ ಅದನ್ನು ತಡೆಯುವುದಿಲ್ಲ.

ನನಗೆ ನಿಜಕ್ಕೂ ಭಯವಾಗುವುದು ತುಕ್ಕು ಬಣ್ಣದ ಗೆರೆ ಕಂಡಾಗ. ಉಳ್ಳಾಲ, ಮಲ್ಪೆಯಂಥ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಯೂ ಸೇರಿ ಸ್ಲ್ಯಾಬ್‌ನೊಳಗಿನ ಕಬ್ಬಿಣದ ಕಂಬಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣದ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಉದ್ದ ಕೋಲಿನಿಂದ, ಬದಿಯಲ್ಲಿ ನಿಂತು, ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಎಂಜಿನಿಯರನ್ನು ಕರೆಸಿ. ಅವರು ನೋಡಿ ಹೇಳುವವರೆಗೆ ಅದರ ಕೆಳಗೆ ಮಂಚ, ತೊಟ್ಟಿಲು ಇಡಬೇಡಿ.