ಮೊದಲು ಕಾಮೆಂಟ್, ಆಮೇಲೆ ಪೋಸ್ಟ್

ತರಗತಿಯಲ್ಲಿ ಬ್ಲಾಗ್ ಶುರು ಮಾಡಲು ಹೊರಡುವ ಶಿಕ್ಷಕರು ಸಾಮಾನ್ಯವಾಗಿ ಮೊದಲ ವಾರವೇ ಪ್ರತಿ ಮಗುವಿಗೂ ಒಂದೊಂದು ಬ್ಲಾಗ್ ತೆರೆದುಕೊಡುತ್ತಾರೆ. 40 ಮಕ್ಕಳು, 40 ಬ್ಲಾಗ್, 40 ‘ನನ್ನ ಪರಿಚಯ’. ಎರಡನೇ ವಾರ ಪೋಸ್ಟ್‌ಗಳು ಕಡಿಮೆಯಾಗುತ್ತವೆ. ಐದನೇ ವಾರದ ಹೊತ್ತಿಗೆ ಬರೆಯುವವರು ಬೆರಳೆಣಿಕೆಯಷ್ಟು. ಅವರೂ ಯಾರೂ ಹೇಳದಿದ್ದರೂ ಬರೆಯುತ್ತಿದ್ದವರೇ. ‘ಈಗಿನ ಮಕ್ಕಳಿಗೆ ಬರೆಯೋದೇ ಬೇಡ’ ಎಂಬ ತೀರ್ಮಾನದೊಂದಿಗೆ ಯೋಜನೆ ಮುಗಿಯುತ್ತದೆ. ಇದರಲ್ಲಿ ಮಕ್ಕಳ ತಪ್ಪು ಕಡಿಮೆ. ಬರೆದದ್ದನ್ನು ಓದಲು ಯಾರನ್ನೂ ಗೊತ್ತು ಮಾಡಿರಲಿಲ್ಲ, ಅಷ್ಟೆ.

ನೋಟ್‌ಬುಕ್ಕಿನ ಪ್ರಬಂಧವನ್ನು ಟೀಚರ್ ಒಬ್ಬರೇ ಓದುತ್ತಾರೆ. ಬ್ಲಾಗ್‌ನಲ್ಲಿ ಬೇರೆಯಾಗುವುದು ಪೋಸ್ಟಿನ ಕೆಳಗಿರುವ ಕಾಮೆಂಟ್ ಪೆಟ್ಟಿಗೆ ಮಾತ್ರ. ಅದು ಖಾಲಿ ಉಳಿದರೆ ಟೈಪ್ ಮಾಡಿದ ಹೋಂವರ್ಕ್ ಉಳಿಯಿತು ಎಂದರ್ಥ. ಆದ್ದರಿಂದ 6ರಿಂದ 8ನೇ ತರಗತಿಯ ಮಕ್ಕಳೊಂದಿಗೆ ಕೆಲಸವನ್ನು ತಲೆಕೆಳಗಾಗಿ ಶುರು ಮಾಡುವುದು ಒಳ್ಳೆಯದು. ಮೊದಲ 4ರಿಂದ 6 ವಾರ ಇಡೀ ತರಗತಿಗೆ ಒಂದೇ ಬ್ಲಾಗ್. ಪೋಸ್ಟ್ ಬರೆಯುವವರು ಶಿಕ್ಷಕರು, ಮಕ್ಕಳು ಕಾಮೆಂಟ್ ಮಾತ್ರ ಬರೆಯಬೇಕು. ಬೇರೆಯವರ ಬರಹಕ್ಕೆ ಉತ್ತರ ಕೊಡಲು ಕಲಿತ ಮಗು ತಾನು ಬರೆಯುವಾಗ ಓದುಗನನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ.

ಅದಕ್ಕೂ ಮೊದಲು, ಕಂಪ್ಯೂಟರ್ ಮುಟ್ಟದೆ, ಒಂದು ಪೀರಿಯಡ್ ಕಾಗದದ ಮೇಲೆ ರಿಹರ್ಸಲ್ ಆಗಲಿ. ಪ್ರತಿ ಮಗುವಿಗೆ ಒಂದು ಎ4 ಹಾಳೆ, ಮೂರು ಅಂಟುಚೀಟಿ. 15 ನಿಮಿಷ ಬರೆಯುವುದು, ಹಾಳೆಗಳನ್ನು ಗೋಡೆಗೆ ಅಂಟಿಸುವುದು, ಮುಂದಿನ 15 ನಿಮಿಷ ಓಡಾಡುತ್ತಾ ಮೂರು ಹಾಳೆಗಳಿಗೆ ಒಂದೊಂದು ಕಾಮೆಂಟ್ ಚೀಟಿ ಅಂಟಿಸುವುದು. ಉಳಿದ 10 ನಿಮಿಷವೇ ಪಾಠ. ಚೀಟಿಗಳನ್ನೆಲ್ಲ ಕಿತ್ತು ತಂದು ಮೇಜಿನ ಮೇಲೆ ಎರಡು ಗುಡ್ಡೆ ಮಾಡಿ: ಯಾವ ಹಾಳೆಗೆ ಬೇಕಾದರೂ ಅಂಟಿಸಬಹುದಾದವು ಒಂದು ಕಡೆ, ಆ ಒಂದೇ ಹಾಳೆಗೆ ಸೇರಿದವು ಇನ್ನೊಂದು ಕಡೆ. ‘ಸೂಪರ್’, ‘ಚೆನ್ನಾಗಿದೆ’, ‘ಗುಡ್ ಜಾಬ್’ ಎಲ್ಲ ಮೊದಲ ಗುಡ್ಡೆಗೆ ಬೀಳುತ್ತವೆ. ಅದರ ಎತ್ತರ ನೋಡಿ ಮಕ್ಕಳೇ ನಗುತ್ತಾರೆ. ಒಳ್ಳೆಯ ಕಾಮೆಂಟ್ ಹೇಗಿರಬೇಕೆಂದು ಆಮೇಲೆ ಹೆಚ್ಚು ವಿವರಿಸಬೇಕಾಗುವುದಿಲ್ಲ.

ಕಾಮೆಂಟಿಗೆ ಮೂರು ಸಾಲು ಸಾಕು. ಪೋಸ್ಟಿನ ಒಂದು ನಿರ್ದಿಷ್ಟ ವಾಕ್ಯವನ್ನೋ ಸಂಗತಿಯನ್ನೋ ಹಿಡಿದು ಮಾತಾಡುವುದು ಒಂದು. ತನಗೆ ಗೊತ್ತಿರುವುದನ್ನು ಸೇರಿಸುವುದು ಅಥವಾ ಒಪ್ಪದಿದ್ದರೆ ಯಾಕೆಂದು ಹೇಳುವುದು ಇನ್ನೊಂದು. ಕೊನೆಗೆ, ‘ಹೌದು’, ‘ಇಲ್ಲ’ ಎಂದು ಹೇಳಿ ತಪ್ಪಿಸಿಕೊಳ್ಳಲಾಗದ ಒಂದು ಪ್ರಶ್ನೆ.

ಉದಾಹರಣೆಗೆ ಕಾಳು ಮೊಳಕೆ ಬರಿಸುವ ಪ್ರಯೋಗದ ಬಗ್ಗೆ ಏಳನೇ ತರಗತಿಯ ಒಂದು ಪೋಸ್ಟ್ ಇದೆ ಎಂದುಕೊಳ್ಳಿ. ಶೀರ್ಷಿಕೆ ‘ನಮ್ಮ ವಿಜ್ಞಾನ ಪ್ರಯೋಗ’. ಒಳಗೆ: ‘ನಾವು ಗಾಜಿನ ಬಾಟಲಿಯಲ್ಲಿ ಒದ್ದೆ ಹತ್ತಿ ಇಟ್ಟು ಕಾಳು ಹಾಕಿದೆವು. ಮೂರು ದಿನಕ್ಕೆ ಬೇರು ಬಂತು. ಆಮೇಲೆ ಬಾಟಲಿ ಅಡ್ಡ ಮಲಗಿಸಿದೆವು. ಬೇರು ತಿರುಗಿತು. ತುಂಬಾ ಖುಷಿಯಾಯಿತು.’ ಇದಕ್ಕೆ ‘ಸೂಪರ್’ ಎಂದು ಬಂದರೆ ಮಾತು ಅಲ್ಲಿಗೇ ನಿಂತಿತು. ಇನ್ನೊಬ್ಬಳು ಹೀಗೆ ಬರೆಯುತ್ತಾಳೆ: ‘ಬೇರು ತಿರುಗಿತು ಅಂತ ಬರೆದಿದ್ದೀಯ, ಯಾವ ಕಡೆಗೆ ಅಂತ ಬರೆದಿಲ್ಲ. ನಮ್ಮ ಬಾಟಲಿ ಕಿಟಕಿ ಹತ್ತಿರ ಇತ್ತು, ಚಿಗುರು ಬೆಳಕಿನ ಕಡೆ ಬಾಗಿತ್ತು. ನಿಮ್ಮದನ್ನ ಕತ್ತಲಲ್ಲಿ ಇಟ್ಟಿದ್ರೆ ಬೇರು ಯಾವ ಕಡೆ ಹೋಗ್ತಿತ್ತು?’ ಈಗ ಬರೆದವನಿಗೆ ಎರಡು ಕೆಲಸ ಬಿತ್ತು. ಬಿಟ್ಟುಹೋದ ವಿವರ ತುಂಬಬೇಕು. ಜೊತೆಗೆ ಬಾಟಲಿಯನ್ನು ಪೆಟ್ಟಿಗೆಯೊಳಗಿಟ್ಟು ಇನ್ನೊಮ್ಮೆ ನೋಡಬೇಕು. ಬೇರು ಗುರುತ್ವವನ್ನು ಅನುಸರಿಸುವುದರಿಂದ ಕತ್ತಲಲ್ಲೂ ಕೆಳಕ್ಕೇ ತಿರುಗುತ್ತದೆ. ಅವನ ಮುಂದಿನ ಪೋಸ್ಟಿಗೆ ವಿಷಯ ಸಿಕ್ಕಿತು. ಶೀರ್ಷಿಕೆಯೂ ‘ಕತ್ತಲಲ್ಲಿಟ್ಟರೂ ಬೇರಿಗೆ ದಾರಿ ಗೊತ್ತು’ ಎಂದಾಗಬಹುದು. ಕೆಂಪು ಪೆನ್ನಿನಲ್ಲಿ ‘ವಿವರ ಸಾಲದು’ ಎಂದು ಬರೆದಿದ್ದರೆ ಆ ಎರಡನೇ ಪ್ರಯೋಗ ನಡೆಯುತ್ತಿರಲಿಲ್ಲ.

ಕೂತು ಲೆಕ್ಕ ಹಾಕಿ

ಮಕ್ಕಳೇ ಬರೆಯುವ ಹಂತಕ್ಕೆ ಬರುವ ಮುನ್ನ ಗಡಿಯಾರ ಎದುರಿಟ್ಟುಕೊಂಡು ಒಂದು ಲೆಕ್ಕ ಮಾಡಿ. ಒಂದು ಪೋಸ್ಟ್ ಓದಿ, ಪ್ರಕಟಿಸಬಹುದೇ ಎಂದು ನೋಡಿ, ಎರಡು ಸಾಲು ಉತ್ತರ ಬರೆಯಲು 4 ನಿಮಿಷ ಎಂದಿಟ್ಟುಕೊಳ್ಳೋಣ. 40 ಮಕ್ಕಳು ವಾರಕ್ಕೊಂದು ಬರೆದರೆ 160 ನಿಮಿಷ. ಒಬ್ಬೊಬ್ಬರು ಎರಡು ಕಾಮೆಂಟ್ ಹಾಕಿದರೆ 80 ಕಾಮೆಂಟ್, ಒಂದಕ್ಕೆ ಅರ್ಧ ನಿಮಿಷ ಹಿಡಿದರೂ ಇನ್ನೂ 40 ನಿಮಿಷ. ಒಂದೇ ಸೆಕ್ಷನ್ನಿಗೆ ವಾರಕ್ಕೆ 3 ಗಂಟೆ 20 ನಿಮಿಷ! ಇದನ್ನು ವರ್ಷವಿಡೀ ನಿಭಾಯಿಸುವ ಶಿಕ್ಷಕರು ಸಿಗುವುದು ಕಷ್ಟ.

ತರಗತಿಯನ್ನು ಹತ್ತತ್ತು ಮಕ್ಕಳ ನಾಲ್ಕು ಗುಂಪು ಮಾಡಿದರೆ ಚಿತ್ರ ಬೇರೆ. ವಾರಕ್ಕೊಂದು ಗುಂಪು ಬರೆಯುತ್ತದೆ, ಉಳಿದ 30 ಮಂದಿ ಎರಡೆರಡು ಕಾಮೆಂಟ್ ಹಾಕುತ್ತಾರೆ. 10 ಪೋಸ್ಟ್, 60 ಕಾಮೆಂಟ್. ಶಿಕ್ಷಕರ ಸಮಯ 70 ನಿಮಿಷ. ಪ್ರತಿ ಪೋಸ್ಟಿಗೆ ಸರಾಸರಿ 6 ಕಾಮೆಂಟ್. ಕಂಪ್ಯೂಟರ್ 10 ಮಾತ್ರ ಇದ್ದರೂ ನಡೆಯುತ್ತದೆ: ಒಂದು ದಿನ ಬರೆಯುವ ಗುಂಪು ಟೈಪ್ ಮಾಡುತ್ತದೆ, ಇನ್ನೊಂದು ದಿನ ಉಳಿದ ಮೂರು ಗುಂಪು 12 ನಿಮಿಷದಂತೆ ಸರದಿಯಲ್ಲಿ ಕೂರುತ್ತವೆ. ಕಾಮೆಂಟನ್ನು ರಫ್ ಪುಸ್ತಕದಲ್ಲಿ ಮೊದಲೇ ಬರೆದುಕೊಂಡು ಬಂದಿರಬೇಕು. ಇಲ್ಲದಿದ್ದರೆ ಆ 12 ನಿಮಿಷ ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕುವುದರಲ್ಲೇ ಕಳೆದುಹೋಗುತ್ತದೆ. ಅಂದಹಾಗೆ ಕನ್ನಡ ಪಠ್ಯ ಯುನಿಕೋಡ್‌ನಲ್ಲೇ ಇರಲಿ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಪುಟದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ಕಾಮೆಂಟ್ ಯಾರಿಗೆ ಎಂಬುದನ್ನು ಮಕ್ಕಳ ಆಯ್ಕೆಗೆ ಪೂರ್ತಿ ಬಿಡಬೇಡಿ. ಬಿಟ್ಟರೆ ಇಬ್ಬರು ಮೂವರಿಗೆ ಇಪ್ಪತ್ತಿಪ್ಪತ್ತು ಬರುತ್ತವೆ, ಮಾತು ಕಡಿಮೆಯಿರುವ ಮಗುವಿನ ಪೋಸ್ಟ್ ಬಣಗುಡುತ್ತದೆ, ಅದೂ ಎಲ್ಲರ ಕಣ್ಣೆದುರಿಗೆ. ಹಾಜರಿ ಪಟ್ಟಿಯ ಪ್ರಕಾರ ಒಂದು, ಇಷ್ಟಬಂದವರಿಗೆ ಒಂದು ಎಂಬ ನಿಯಮ ಸರಳ.

ಖಾತೆ, ವಯಸ್ಸು, ಒಪ್ಪಿಗೆ

ಈ ಮಕ್ಕಳ ವಯಸ್ಸು 11ರಿಂದ 14. ಕಾನೂನಿನ ಗೆರೆ ಇದರ ನಡುವೆಯೇ ಹಾದುಹೋಗುತ್ತದೆ. ಬಹಳಷ್ಟು ಜಾಲಸೇವೆಗಳು ‘13 ತುಂಬಿರಬೇಕು’ ಎನ್ನುವುದಕ್ಕೆ ಹಿನ್ನೆಲೆ ಅಮೆರಿಕದ 1998ರ ಮಕ್ಕಳ ಆನ್‌ಲೈನ್ ಖಾಸಗಿತನ ಕಾಯ್ದೆ. ಅದಕ್ಕಿಂತ ಚಿಕ್ಕವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕೆಂದು ಅದು ಹೇಳುತ್ತದೆ. ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ನಿಯಮ ಜಿಡಿಪಿಆರ್ ಈ ವಯಸ್ಸನ್ನು 16 ಎಂದಿಟ್ಟು, ಸದಸ್ಯ ದೇಶಗಳು 13ರವರೆಗೆ ಇಳಿಸಿಕೊಳ್ಳಲು ಬಿಟ್ಟಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಹಾಗಾಗಿ ಯಾವ ಊರಿನ ಶಾಲೆಯಾದರೂ ಪೋಷಕರ ಸಹಿ ಇಲ್ಲದೆ ಶುರು ಮಾಡಬಾರದು. ಒಪ್ಪಿಗೆ ಪತ್ರದಲ್ಲಿ ‘ಒಪ್ಪುತ್ತೇನೆ’ ಎಂಬ ಒಂದೇ ಸಾಲಿನ ಬದಲು ಬೇರೆ ಬೇರೆ ಚೌಕಗಳಿರಲಿ: ಬರಹ ತರಗತಿಯೊಳಗೆ ಮಾತ್ರ, ಪೋಷಕರೂ ಓದಬಹುದು, ಹೊರಗಿನವರೂ ಓದಬಹುದು, ಮಗು ಬಿಡಿಸಿದ ಚಿತ್ರ ಹಾಕಬಹುದು. ಒಪ್ಪದ ಪೋಷಕರ ಮಗುವಿಗೆ ಕಾಗದದ ಬ್ಲಾಗ್ ಇದ್ದೇ ಇದೆ. ಅದಕ್ಕೂ ಅಂಟುಚೀಟಿ ಕಾಮೆಂಟ್ ಬರುವಂತೆ ನೋಡಿಕೊಂಡರಾಯಿತು.

ಮಕ್ಕಳ ಸ್ವಂತ ಇಮೇಲ್ ಕೇಳದೆ, ಶಿಕ್ಷಕರೇ ಖಾತೆ ತೆರೆಯಬಹುದಾದ ವ್ಯವಸ್ಥೆ ಆರಿಸಿ. ಬಳಕೆದಾರ ಹೆಸರು ಅಡ್ಡಹೆಸರಾಗಿರಲಿ: ‘ನೀಲಿಪೆನ್ಸಿಲ್’, ‘ಮೋಡ12’ ಈ ಥರ. ಪೂರ್ಣ ಹೆಸರು, ಶಾಲೆಯ ಹೆಸರು, ಹುಟ್ಟಿದ ದಿನ ಎಲ್ಲೂ ಬೇಡ. ಪಾಸ್‌ವರ್ಡ್ ಸಂಬಂಧವಿಲ್ಲದ ಮೂರು ಪದಗಳ ಜೋಡಣೆಯಾದರೆ ನೆನಪಿರುತ್ತದೆ. ಆದರೂ ಮರೆಯುತ್ತಾರೆ. ಒಂದು ಪಟ್ಟಿ ಬೀಗದೊಳಗೆ ಇಟ್ಟುಕೊಳ್ಳಿ, ಮೊದಲ ಪೀರಿಯಡ್ ಲಾಗಿನ್‌ಗೇ ಹೋಯಿತೆಂದು ಬೇಸರ ಮಾಡಿಕೊಳ್ಳಬೇಡಿ.

ಬ್ಲಾಗ್ ನಡೆಸಲು ವರ್ಡ್‌ಪ್ರೆಸ್ ತಂತ್ರಾಂಶ ಬಳಸುವವರು ಮಕ್ಕಳಿಗೆ ‘ಕಾಂಟ್ರಿಬ್ಯೂಟರ್’ ಪಾತ್ರ ಕೊಡಬೇಕು, ‘ಆಥರ್’ ಅಲ್ಲ. ಕಾಂಟ್ರಿಬ್ಯೂಟರ್ ಬರೆದದ್ದು ನೇರ ಪ್ರಕಟವಾಗದೆ ಪರಿಶೀಲನೆಗೆ ಬಂದು ನಿಲ್ಲುತ್ತದೆ. ಈ ಪಾತ್ರದಲ್ಲಿ ಎರಡು ಮಿತಿಗಳಿವೆ, ಮೊದಲೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ಮಕ್ಕಳು ತಾವೇ ಚಿತ್ರ ಏರಿಸಲಾರರು, ಶಿಕ್ಷಕರೇ ಏರಿಸಬೇಕು. ಪ್ರಕಟವಾದ ಮೇಲೆ ತಮ್ಮದೇ ಪೋಸ್ಟನ್ನು ತಿದ್ದಲಾರರು; ತಿದ್ದಬೇಕಾದರೆ ನೀವು ಅದನ್ನು ಮತ್ತೆ ಡ್ರಾಫ್ಟ್‌ಗೆ ಇಳಿಸಿಕೊಡಬೇಕು. ಕಾಮೆಂಟ್‌ಗಳೂ ಅನುಮತಿ ಪಡೆದೇ ಕಾಣಿಸಿಕೊಳ್ಳುವಂತೆ ಸೆಟ್ಟಿಂಗ್ ಇರಲಿ. ಹಳೆಯ ಪೋಸ್ಟ್‌ಗಳಿಗೆ ಕಾಮೆಂಟ್ ತಾನಾಗಿ ಮುಚ್ಚಿಕೊಳ್ಳುವ ಆಯ್ಕೆಯನ್ನೂ 14 ದಿನಕ್ಕೆ ಹಾಕಿಟ್ಟರೆ ರಜೆಯಲ್ಲಿ ಸ್ಪ್ಯಾಮ್ ರಾಶಿ ಬೀಳದು. ಇನ್ನೊಂದು ಮಾತು: ಸರ್ಚ್ ಇಂಜಿನ್‌ಗಳಿಗೆ ಬೇಡ ಎನ್ನುವ ಚೌಕಕ್ಕೆ ಟಿಕ್ ಹಾಕಿದ ಮಾತ್ರಕ್ಕೆ ಬ್ಲಾಗ್ ಖಾಸಗಿಯಾಗುವುದಿಲ್ಲ. ಅದು ಕೋರಿಕೆ ಅಷ್ಟೆ. ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ ಓದಬಹುದು. ನಿಜಕ್ಕೂ ಮುಚ್ಚಬೇಕೆಂದರೆ ಲಾಗಿನ್ ಅಥವಾ ಪಾಸ್‌ವರ್ಡ್ ಬೇಕು.

ಫೋಟೋ ವಿಷಯದಲ್ಲಿ ಮುಖ ಬೇಡ ಎಂಬುದು ಎಲ್ಲರಿಗೂ ಗೊತ್ತು. ಕಣ್ಣು ತಪ್ಪಿಸುವುದು ಹಿನ್ನೆಲೆ: ಸಮವಸ್ತ್ರದ ಲಾಂಛನ, ಗೋಡೆಯ ಮೇಲಿನ ಶಾಲೆಯ ಹೆಸರು, ನೋಟ್‌ಬುಕ್ಕಿನ ಲೇಬಲ್. ಮೊಬೈಲ್ ಚಿತ್ರದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶವೂ ಅಡಗಿರಬಹುದು. ಫೋಟೋವನ್ನು ತೆರೆಯ ಮೇಲೆ ತೆರೆದು ಅದರ ಸ್ಕ್ರೀನ್‌ಶಾಟ್ ತೆಗೆದು ಏರಿಸಿದರೆ ಆ ಮಾಹಿತಿ ಹೋಗುತ್ತದೆ. ಗೂಗಲ್‌ನಲ್ಲಿ ಸಿಕ್ಕಿದ ಚಿತ್ರ ಎತ್ತಿ ಹಾಕುವ ಚಾಳಿಗೆ ಮದ್ದು ಸ್ವಂತ ಚಿತ್ರವೇ. ಹೊರಗಿನದು ಬೇಕೇ ಬೇಕೆಂದರೆ ಮರುಬಳಕೆಗೆ ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯದ್ದು ಹುಡುಕಿ, ಶೀರ್ಷಿಕೆ, ತೆಗೆದವರು, ಸಿಕ್ಕಿದ ಜಾಗ, ಪರವಾನಗಿ ನಾಲ್ಕನ್ನೂ ಕೆಳಗೆ ಬರೆಸಿ.

ಏನು ಬರೆಸಬೇಕು, ಎಷ್ಟು ತಿದ್ದಬೇಕು

ಪೋಸ್ಟ್ 120ರಿಂದ 200 ಪದ ಇದ್ದರೆ ಸಾಕು. ಅದಕ್ಕಿಂತ ಉದ್ದವಾದರೆ ಸಹಪಾಠಿಗಳು ಕೊನೆವರೆಗೂ ಓದುವುದಿಲ್ಲ, ಮತ್ತೆ ‘ಸೂಪರ್’ಗಳು ಹಿಂದಿರುಗುತ್ತವೆ. ವಿಷಯ ‘ಪರಿಸರ ಮಾಲಿನ್ಯ’, ‘ಸಮಯದ ಮಹತ್ವ’ ಎಂದು ಕೊಟ್ಟರೆ ಎಲ್ಲಿಂದಲೋ ನಕಲಾಗಿ, ಈಗ ಎಐಯಿಂದ ಅಚ್ಚುಕಟ್ಟಾಗಿ ತಯಾರಾಗಿ ಬರುತ್ತದೆ. ‘ಈ ಲೆಕ್ಕದಲ್ಲಿ ನಾನು ಎಲ್ಲಿ ಎಡವಿದೆ’, ‘ಶಾಲೆಯ ನಲ್ಲಿಯಿಂದ ಒಂದು ನಿಮಿಷಕ್ಕೆ ಎಷ್ಟು ಹನಿ ಬೀಳುತ್ತದೆ, ದಿನಕ್ಕೆ ಎಷ್ಟಾಯಿತು’, ‘ನಾನು ಕಲಿತ ಒಂದು ಗಂಟು ಹಾಕುವುದು ಹೇಗೆ’ ಇಂಥವನ್ನು ನಕಲು ಮಾಡಲು ಮೂಲವೇ ಸಿಗದು. ಆದರೂ ಅನುಮಾನ ಬಂದರೆ ಡ್ರಾಫ್ಟಿನ ಹಳೆಯ ಆವೃತ್ತಿಗಳನ್ನು ನೋಡಿ. ಒಮ್ಮೆಲೇ 200 ಪದ ಬಂದು ಕೂತಿದ್ದರೆ ಅಂಟಿಸಿದ್ದಿರಬಹುದು. ರಫ್ ಪುಸ್ತಕದಿಂದ ಬೇರೆಡೆ ಟೈಪ್ ಮಾಡಿ ತಂದದ್ದೂ ಇರಬಹುದು, ಆರೋಪಿಸುವ ಮೊದಲು ಪುಸ್ತಕ ಕೇಳಿ.

ತಿದ್ದುವ ವಿಷಯದಲ್ಲಿ ಶಿಕ್ಷಕರು ಎರಡು ಪಂಗಡ. ಒಂದೂ ತಪ್ಪಿಲ್ಲದೆ ಪ್ರಕಟವಾಗಬೇಕು ಎನ್ನುವವರ ಬ್ಲಾಗಿನಲ್ಲಿ ಎಲ್ಲ ಮಕ್ಕಳೂ ಟೀಚರ್ ಧ್ವನಿಯಲ್ಲೇ ಮಾತಾಡುತ್ತಾರೆ. ಏನೂ ತಿದ್ದಬಾರದು ಎನ್ನುವವರ ಬ್ಲಾಗ್ ನೋಡಿ ಪೋಷಕರು ಫೋನ್ ಮಾಡುತ್ತಾರೆ. ನಡುವಿನ ದಾರಿ ಇದು: ಪಕ್ಕದವರೊಬ್ಬರು ಗಟ್ಟಿಯಾಗಿ ಓದಿ ಕೇಳಿಸುವುದು, ಎಡವಿದ ಕಡೆ ಬರೆದ ಮಗುವೇ ಸರಿಪಡಿಸುವುದು, ಶಿಕ್ಷಕರು ಒಂದು ಸಲಕ್ಕೆ ಎರಡು ಬಗೆಯ ತಪ್ಪಿಗಷ್ಟೇ ಕೈಹಾಕುವುದು. ಈ ತಿಂಗಳು ಒತ್ತಕ್ಷರ ಮತ್ತು ಪೂರ್ಣವಿರಾಮ ಎಂದರೆ ಅಷ್ಟೇ. ಕಾಮೆಂಟ್ ಪೆಟ್ಟಿಗೆಯಲ್ಲಿ ಮಾತ್ರ ಯಾರ ಕಾಗುಣಿತವನ್ನೂ ತೋರಿಸಬಾರದು, ಶಿಕ್ಷಕರಂತೂ ಎಂದಿಗೂ.

ಅಂಕ ಪ್ರತಿ ಪೋಸ್ಟಿಗೂ ಬೇಡ. ಅವಧಿಯ ಕೊನೆಗೆ ಮಗು ತನ್ನ ಬರಹಗಳಲ್ಲಿ ಎರಡನ್ನು ಆರಿಸಿ, ಆರಿಸಿದ್ದೇಕೆ ಎಂದು ನಾಲ್ಕು ಸಾಲು ಬರೆದುಕೊಡಲಿ, ಅಂಕ ಅವಕ್ಕೆ. ಕಾಮೆಂಟಿನ ಸಂಖ್ಯೆಗೆ ಅಂಕ ಇಟ್ಟರೆ ಸಂಖ್ಯೆಯೇ ಬರುತ್ತದೆ. ಅಂಕ ಇಡಲೇಬೇಕೆಂದರೆ ಮಗು ತೋರಿಸುವ ತನ್ನ ಅತ್ಯುತ್ತಮ ಒಂದು ಕಾಮೆಂಟಿಗೆ ಇಡಿ.

ನೋಯಿಸುವ ಕಾಮೆಂಟ್ ಬಂದೇ ಬರುತ್ತದೆ. ಅನುಮತಿಯ ಸಾಲಿನಲ್ಲೇ ಅದು ಸಿಕ್ಕಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಬರೆದ ಮಗುವನ್ನು ಒಬ್ಬನನ್ನೇ ಕರೆದು, ಅದೇ ಅಭಿಪ್ರಾಯವನ್ನು ಎದುರಿಗೆ ಕೂತು ಹೇಳಬಹುದಾದ ಮಾತಿನಲ್ಲಿ ಮತ್ತೆ ಬರೆಸಿ. ಸುಮ್ಮನೆ ಅಳಿಸಿಬಿಟ್ಟರೆ ಆ ಮಾತು ಆಟದ ಮೈದಾನಕ್ಕೆ ಹೋಗುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಮನೆಯ ಜಗಳ, ಹೊಡೆತ, ಭಯ ಪೋಸ್ಟಿನೊಳಗೆ ಇಣುಕುವುದು. ಅಂಥದ್ದನ್ನು ಪ್ರಕಟಿಸಬೇಡಿ, ಕಾಮೆಂಟಿನಲ್ಲಿ ಉತ್ತರಿಸಲೂಬೇಡಿ. ಅವತ್ತೇ ಮಗುವಿನೊಂದಿಗೆ ಮಾತಾಡಿ, ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ತಿಳಿಸಿ. ಡ್ರಾಫ್ಟ್ ಅಳಿಸದೆ ಹಾಗೇ ಇಟ್ಟಿರಿ.

ವರ್ಷ ಮುಗಿದ ಮೇಲೆ ಬ್ಲಾಗನ್ನು ಅನಾಥವಾಗಿ ತೆರೆದಿಡುವಂತಿಲ್ಲ. ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಕಡತದಲ್ಲಿ ಪೋಸ್ಟ್, ಕಾಮೆಂಟ್ ಎಲ್ಲ ಬರುತ್ತವೆ. ಚಿತ್ರಗಳು ಬರುವುದಿಲ್ಲ, ಅವುಗಳ ವಿಳಾಸ ಮಾತ್ರ ಇರುತ್ತದೆ. ಆ ಕಡತ ನಂಬಿ ಬ್ಲಾಗ್ ಅಳಿಸಿದರೆ ಮಕ್ಕಳು ಬಿಡಿಸಿದ್ದೆಲ್ಲ ಹೋಯಿತು. ಆದ್ದರಿಂದ ಚಿತ್ರಗಳನ್ನು ಬೇರೆಯಾಗಿ ಇಳಿಸಿಕೊಂಡು, ಪ್ರತಿ ಮಗುವಿನ ಪೋಸ್ಟ್‌ಗಳನ್ನು ಪಿಡಿಎಫ್ ಮಾಡಿ ಕೊಟ್ಟು, ನಾಲ್ಕಾರು ಕಡತ ತೆರೆದು ನೋಡಿ, ಆಮೇಲೆ ಮುಚ್ಚಿ. ಮುಂದಿನ ವರ್ಷದ ಮಕ್ಕಳಿಗೆ ತೋರಿಸಲು ಎರಡು ಮೂರು ಪೋಸ್ಟ್ ಬೇಕೆನಿಸಿದರೆ ಬರೆದವರನ್ನೂ ಅವರ ಪೋಷಕರನ್ನೂ ಕೇಳಿ ಇಟ್ಟುಕೊಳ್ಳಿ, ಕೆಳಗಿನ ಕಾಮೆಂಟ್‌ಗಳ ಸಮೇತ.