ಓಯಿವಾಳ ಬಾಚಣಿಗೆ

ಹಸುಗೂಸಿನ ತಾಯಿ ಓಯಿವಾ ತಲೆ ಬಾಚಿಕೊಳ್ಳುತ್ತಿದ್ದಾಳೆ. ಬಾಚಣಿಗೆ ಎಳೆದರೆ ಒಂದು ಹಿಡಿ ಕೂದಲು ಕಿತ್ತು ಬರುತ್ತದೆ. ಮತ್ತೆ ಎಳೆದರೆ ಮತ್ತೊಂದು ಹಿಡಿ, ಜೊತೆಗೆ ರಕ್ತ. ಒಂದು ಕಣ್ಣಿನ ರೆಪ್ಪೆ ಊದಿ ಜೋತುಬಿದ್ದಿದೆ. ಔಷಧವೆಂದು ಗಂಡ ಇಯೆಮೊನ್ ಕುಡಿಸಿದ್ದು ವಿಷ. ಸಿರಿವಂತರ ಹುಡುಗಿಯನ್ನು ಕಟ್ಟಿಕೊಳ್ಳಲು ಇವಳು ಅವನಿಗೆ ಅಡ್ಡಿ. ನೊಬುವೊ ನಕಗಾವಾ 1959ರಲ್ಲಿ ತೆಗೆದ ‘ತೊಕೈದೊ ಯೊತ್ಸುಯಾ ಕೈದಾನ್’ ಎಂಬ ಜಪಾನಿ ಚಿತ್ರದಲ್ಲಿ ಸತ್ತ ಓಯಿವಾ ದೆವ್ವವಾಗಿ ಬಂದು ಸೇಡು ತೀರಿಸಿಕೊಳ್ಳುತ್ತಾಳೆ. ನನ್ನನ್ನು ಬಿಡದೆ ಕಾಡಿದ್ದು ಮಾತ್ರ ದೆವ್ವವಲ್ಲ, ಆ ಕೂದಲು.

ಯಾವ ವಿಷ ಹೀಗೆ ಮಾಡೀತು? ಕತೆ ನಡೆಯುವ ಕಾಲದ ಜಪಾನಿನಲ್ಲಿ ಇಲಿ ಪಾಷಾಣವನ್ನು ಬೀದಿಯಲ್ಲೇ ಮಾರುತ್ತಿದ್ದರು. ಅದರಲ್ಲಿದ್ದದ್ದು ಆರ್ಸೆನಿಕ್. ಹೊಟ್ಟೆಗೆ ಹೋದರೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಹತ್ತಿಕೊಳ್ಳುತ್ತದೆ. ಒಂದೇ ರಾತ್ರಿಯಲ್ಲಿ ತಲೆ ಬೋಳಾಗುವುದಿಲ್ಲ. ಕೂದಲನ್ನು ಗೊಂಚಲು ಗೊಂಚಲಾಗಿ ಉದುರಿಸುವ ವಿಷ ಥ್ಯಾಲಿಯಂ ಎಂಬ ಲೋಹ, ಅದಕ್ಕೂ ಎರಡು ಮೂರು ವಾರ ಬೇಕು. ಇಂಗ್ಲಿಷ್ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಅದನ್ನು ಕಂಡುಹಿಡಿದದ್ದು 1861ರಲ್ಲಿ. ಚಿತ್ರಕ್ಕೆ ಮೂಲವಾದ ಕಬುಕಿ (ಜಪಾನಿನ ಸಾಂಪ್ರದಾಯಿಕ ರಂಗಕಲೆ) ನಾಟಕ ಎದೋದ, ಅಂದರೆ ಇಂದಿನ ಟೋಕಿಯೋದ, ರಂಗಕ್ಕೆ ಬಂದದ್ದು 1825ರಲ್ಲಿ. ಊದಿದ ರೆಪ್ಪೆಯನ್ನಾದರೂ ನಂಬಬಹುದು: ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು, ಕೆಳಗಿನ ಅಂಗಾಂಶ ಸಡಿಲ, ಒಗ್ಗದ ವಸ್ತುವಿಗೆ ಅಲ್ಲಿ ಬೇಗ ನೀರು ತುಂಬಿಕೊಳ್ಳುತ್ತದೆ.

ಕೂದಲಿಗೆ ಕಾರಣವನ್ನು ವಿಷದಲ್ಲಿ ಹುಡುಕುವುದನ್ನು ಬಿಟ್ಟು ತೊಟ್ಟಿಲ ಕಡೆ ನೋಡಬೇಕು. ಓಯಿವಾ ಬಾಣಂತಿ. ನಮ್ಮ ತಲೆಯಲ್ಲಿರುವ ಸುಮಾರು ಒಂದು ಲಕ್ಷ ಕೂದಲು ಒಂದೊಂದೂ ತನ್ನದೇ ಸರದಿಯಲ್ಲಿ ಬೆಳೆದು, ವಿಶ್ರಮಿಸಿ, ಉದುರುತ್ತದೆ. ಬಸಿರಿನಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಏರಿದಾಗ ಉದುರಬೇಕಾದ ಕೂದಲೂ ಬೆಳೆಯುತ್ತಲೇ ಇರುತ್ತದೆ, ಜಡೆ ದಪ್ಪವಾಗುತ್ತದೆ. ಹೆರಿಗೆಯಾದದ್ದೇ ಹಾರ್ಮೋನು ಕುಸಿಯುತ್ತದೆ. ಸರದಿ ತಪ್ಪಿದ ಕೂದಲೆಲ್ಲ ಒಟ್ಟಿಗೆ ವಿಶ್ರಾಂತಿಗಿಳಿದು, ಎರಡರಿಂದ ನಾಲ್ಕು ತಿಂಗಳಲ್ಲಿ ಒಟ್ಟಿಗೇ ಉದುರುತ್ತದೆ. ರಕ್ತ ಬರುವುದಿಲ್ಲ, ಬೇರಿಗೆ ಪೆಟ್ಟಾಗಿರುವುದಿಲ್ಲ, ಸಾಮಾನ್ಯವಾಗಿ ವರ್ಷದೊಳಗೆ ಮತ್ತೆ ಬೆಳೆಯುತ್ತದೆ. ಆದರೆ ಎಳೆಗೂಸನ್ನು ಪಕ್ಕದಲ್ಲಿ ಮಲಗಿಸಿ ಬಾಚಣಿಗೆಯಿಂದ ಉಂಡೆಗಟ್ಟಿದ ಕೂದಲು ಬಿಡಿಸುವ ಹೆಣ್ಣಿನ ಎದೆ ಒಂದು ಕ್ಷಣ ಧಸಕ್ಕೆನ್ನುತ್ತದೆ.

ನಾಟಕಕಾರ ನಾಲ್ಕನೆಯ ತ್ಸುರುಯಾ ನಂಬೊಕುವಿಗೆ ಹಾರ್ಮೋನು ಗೊತ್ತಿರಲು ಸಾಧ್ಯವಿಲ್ಲ. ಆದರೆ ಬಾಣಂತಿಯರು ತಲೆ ಬಾಚುವುದನ್ನು ಅವನು ಕಂಡಿದ್ದನೆಂದೇ ನನಗನ್ನಿಸುತ್ತದೆ. ಅವನ ನಾಟಕದಲ್ಲಿ ಆ ಬಾಚಣಿಗೆ ಓಯಿವಾಳ ತೀರಿಹೋದ ತಾಯಿಯದು. ತಾನು ಸತ್ತ ಮೇಲೆ ಅದು ತಂಗಿಗೆ ಸೇರಲಿ ಎನ್ನುತ್ತ ಅವಳು ಅದನ್ನು ಕೂದಲಿಗೆ ಹಚ್ಚುತ್ತಾಳೆ.